ಅಂಗಿ ತೊಟ್ಟ ಮಾದಲ

ಓಣಿಯಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿಲ್ಲ, ಎಲ್ಲರಿಗೂ ಅವಳು ಮಾದಲದಮ್ಮ. ಹಿತ್ತಲಿನ ಮಾದಲದ ಗಿಡಕ್ಕಿರುವ ಮುಳ್ಳು ಸಾಲದೆಂದು ಅವಳ ನಾಲಿಗೆಗೂ ಮುಳ್ಳಿದೆ ಎಂದು ಅವಳ ಮನೆಯ ಬಾಡಿಗೆಯವರು ಆಡಿಕೊಳ್ಳುತ್ತಾರೆ. ಕಾಯಿ ನಿಂಬೆಯಷ್ಟಾಗುತ್ತಲೇ ಹುಳ ಕೊರೆಯದಂತೆ ಬಟ್ಟೆ ಕಟ್ಟುತ್ತಾಳೆ. ಬಟ್ಟೆಯೆಂದರೆ ತೀರಿಕೊಂಡ ಗಂಡನ ಅಂಗಿಗಳದ್ದೇ: ಒಂದು ಕಾಯಿಗೆ ತೋಳು, ಒಂದಕ್ಕೆ ಜೇಬು, ಒಂದಕ್ಕೆ ಕಾಲರು. ಗಾಳಿ ಬೀಸಿದರೆ ಗಿಡದ ತುಂಬ ತೋಳುಗಳು ಆಡುತ್ತವೆ. ಬಟ್ಟೆ ಒಣಹಾಕಲು ಬರುವ ಬಾಡಿಗೆ ಮನೆಯ ಹೆಂಗಸು ಆ ಕಡೆ ನೋಡುವುದಿಲ್ಲ. "ಒಂದು ಹಣ್ಣು ಕೊಡಿ ಅಮ್ಮಾ" ಅಂದರೆ ಮಾದಲದಮ್ಮ, "ಇರು, ಅವರನ್ನ ಕೇಳ್ತೀನಿ" ಎಂದು ಗಿಡದ ಕಡೆ ತಿರುಗಿ ನಿಂತು, "ಬೇಡವಂತೆ ಕಣೇ" ಅನ್ನುತ್ತಾಳೆ. ಈ ಸಲ ನಿಂತದ್ದು ಒಂದೇ ಕಾಯಿ, ಉಳಿದದ್ದೂ ಒಂದೇ ಅಂಗಿ. ಸೈಕಲ್ ರಿಪೇರಿ ಅಂಗಡಿಯಿಂದ ಬಂದು ಗಂಡ ಕೊನೆಯ ಸಲ ಬಿಚ್ಚಿಟ್ಟದ್ದು. ಅವನ ವಾಸನೆ ಹೋದೀತೆಂದು ಅವಳು ಒಗೆದೇ ಇರಲಿಲ್ಲ. ಕಟ್ಟದಿದ್ದರೆ ಕಾಯಿ ಹುಳದ ಪಾಲು, ಕಟ್ಟಿದರೆ ಆ ವಾಸನೆ ಮಳೆಯ ಪಾಲು. ಎಷ್ಟೋ ದಿನ ಅವಳಿಗೆ ಊಟ ಸೇರಲಿಲ್ಲ. ಕೊನೆಗೆ ಹರಿಯದೆ, ಇಡೀ ಅಂಗಿಯನ್ನೇ ಕಾಯಿಗೆ ತೊಡಿಸಿ ಗುಂಡಿ ಹಾಕಿದಳು. ಮಳೆ ಬಂತು, ಬಿಸಿಲು ಬಂತು, ಅಂಗಿ ಬಣ್ಣವನ್ನೂ ವಾಸನೆಯನ್ನೂ ಕಳೆದುಕೊಂಡಿತು. ಹಣ್ಣಾದ ಮೇಲೆ ಕಿತ್ತು ತಂದು ಅವನ ದಿಂಬಿನ ಮೇಲಿಟ್ಟಳು. ಮಾದಲದ ಪರಿಮಳ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಬಾಡಿಗೆ ಮನೆಯ ಹೆಂಗಸು ಒಳಗೆ ಬರಹೋದವಳು ಹೊಸ್ತಿಲಲ್ಲೇ ನಿಂತಳು. "ಏನಮ್ಮಾ ಇದು, ಗ್ರೀಸು, ಬೆವರು... ಯಾರೋ ಗಂಡಸರು ಬಂದ ಹಾಗಿದೆ?" "ಹೂಂ, ಈಗ ತಾನೆ ಮಲಗಿದಾರೆ," ಅಂದಳು ಮಾದಲದಮ್ಮ. "ಮೆಲ್ಲಗೆ ಮಾತಾಡು."