ಕುಶಾಲಪ್ಪ ಕೇಳಿಸಿದ ಸದ್ದು

‘ಟಕ್.’ ಕಾರಿನ ಎಸಿ ಹಾಕಿದೊಡನೆ ಬಾನೆಟ್ಟಿನೊಳಗೆ ಕಂಪ್ರೆಸರಿನ ಕ್ಲಚ್ ಕಚ್ಚಿಕೊಳ್ಳುವ ಚಿಕ್ಕ ಸದ್ದು. ಅಷ್ಟು ವರ್ಷ ಕಾರು ಓಡಿಸಿದ ನಾನು ಒಮ್ಮೆಯೂ ಅದನ್ನು ಕೇಳಿಸಿಕೊಂಡಿರಲಿಲ್ಲ. ಕೇಳಲು ಕಲಿಸಿದವನು ನಮ್ಮ ಬಾಳೆಲೆ ಊರಿನ ಆಟೊ ಎಲೆಕ್ಟ್ರಿಷಿಯನ್ ಕುಶಾಲಪ್ಪ.

ಅವನ ಶೆಡ್ಡಿನಲ್ಲಿ ರೇಡಿಯೋ ಇರಲಿಲ್ಲ. ಮಾತಾಡುತ್ತಲೇ ಒಳಬಂದವರಿಗೆ, ದೊಡ್ಡ ಕಾಫಿ ಪ್ಲಾಂಟರಾದರೂ ಸರಿ, “ನೀವು ಒಂಚೂರು ಆಫ್ ಆಗಿ, ಗಾಡಿ ಮಾತಾಡ್ಲಿ” ಎನ್ನುತ್ತಿದ್ದ. ಅವನ ಆಯುಧ ಒಂದೇ: ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದ, ಕರೆಂಟ್ ಇದ್ದಲ್ಲಿ ಉರಿಯುವ ಟೆಸ್ಟ್ ಲ್ಯಾಂಪ್.

ಕೆಲವು ವರ್ಷಗಳ ಹಿಂದೆ, ಒಂದು ಏಪ್ರಿಲಿನಲ್ಲಿ, ನಮ್ಮ ಯಜಮಾನರ ಶ್ವಾಸಕೋಶ ತೀರಾ ವೀಕಾಗಿತ್ತು. ಗ್ಲಾಸ್ ಇಳಿಸಿದರೆ ಧೂಳಿಗೆ ಕೆಮ್ಮು, ಏರಿಸಿದರೆ ಸೆಕೆಗೆ ಉಸಿರುಕಟ್ಟು. ಬಾಡಿಗೆ ಕಾರುಗಳ ಪರ್ಫ್ಯೂಮ್ ಅಂತೂ ಆಗುತ್ತಲೇ ಇರಲಿಲ್ಲ. ನಾಳೆ ಮೈಸೂರಿನಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್, ಇವತ್ತು ಎಸಿ ಸತ್ತಿದೆ. ಪೇಟೆಯ ದೊಡ್ಡ ವರ್ಕ್‌ಶಾಪಿನವರು, ಕಂಪ್ರೆಸರ್ ಹೋಗಿದೆ, ಹೊಸದು ಬರಲು ಒಂದು ವಾರ ಎಂದುಬಿಟ್ಟರು.

ಕುಶಾಲಪ್ಪ ನಂಬಲಿಲ್ಲ. ಬ್ಯಾಟರಿಯಿಂದ ಒಂದು ವೈರನ್ನು ನೇರ ಕ್ಲಚ್ಚಿಗೆ ಮುಟ್ಟಿಸಿದ. ಟಕ್!

“ಕೇಳ್ತಾ ಅಮ್ಮ? ಕಂಪ್ರೆಸರ್ ಗಟ್ಟಿ ಉಂಟು. ಅದಕ್ಕೆ ಯಾರೂ ಎದ್ದೇಳು ಅಂತ ಹೇಳ್ತಾ ಇಲ್ಲ, ಅಷ್ಟೇ.”

ಫ್ಯೂಸು ಸರಿಯಿತ್ತು. ಕರೆಂಟ್ ದಾಟಿಸುವ ಪುಟ್ಟ ಡಬ್ಬಿ, ಹಾರ್ನಿನ ರಿಲೇಯನ್ನು ಕಿತ್ತು ಎಸಿಯ ರಿಲೇ ಇದ್ದ ಕಡೆ ಕೂರಿಸಿದ, ಸದ್ದಿಲ್ಲ; ಅಂದರೆ ತಪ್ಪು ರಿಲೇಯದ್ದೂ ಅಲ್ಲ. ಆಮೇಲೆ ಲ್ಯಾಂಪ್ ಹಿಡಿದು ವೈರಿನಿಂದ ವೈರಿಗೆ ಹುಡುಕುತ್ತ ಕಾರಿನೊಳಗೆ ಬಂದ. ಎಡಗಡೆ ಸೀಟಿನ ಮುಂದಿನ ಮ್ಯಾಟ್ ಎತ್ತಿ, ಕೈ ತೂರಿಸಿ, ಬೆರಳು ಮೂಸಿ ನೋಡಿದ.

“ಅಮ್ಮ, ಇಲ್ಲಿ ಎಂತ ನೆಟ್ಟಿದ್ದೀರಿ?”

ನನಗೆ ನಾಚಿಕೆಯಾಯಿತು. ನರ್ಸರಿಯಿಂದ ತರುವ ಕಾಳುಮೆಣಸಿನ ಬಳ್ಳಿಯ, ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳನ್ನು, ಬಾಡದಿರಲೆಂದು ಚೆನ್ನಾಗಿ ನೀರು ಹಾಕಿ, ವರ್ಷಗಳಿಂದ ಅಲ್ಲೇ ಇಟ್ಟು ತರುತ್ತಿದ್ದೆ. ನೀರಿಳಿದು ಕಾರ್ಪೆಟ್ಟಿನಡಿ ಎಸಿಯ ಅರ್ಥಿಂಗ್ ವೈರಿನ ಬೋಲ್ಟು ಕಿಲುಬು ಹಿಡಿದು ಹಸಿರುಗಟ್ಟಿತ್ತು.

“ಕರೆಂಟ್ ಹೋದ್ರೆ ಸಾಲ್ದು, ವಾಪಸ್ ಬರ್ಲಿಕ್ಕೂ ದಾರಿ ಬೇಕಲ್ಲ?”

ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬರೆದ ಸರ್ಕ್ಯೂಟ್ ಬಾಯಿಪಾಠ ಮಾಡಿ ಫುಲ್ ಮಾರ್ಕ್ಸ್ ತೆಗೆದವಳು ನಾನು. ಅರ್ಥವಾದದ್ದು ಅವತ್ತು, ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಾಗ.

ಬೋಲ್ಟನ್ನು ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ. ನಾನು ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಬಟನ್ ಒತ್ತಿದೆ. ಇಬ್ಬರೂ ಬಾನೆಟ್ಟಿನ ಕಡೆ ಕಿವಿಕೊಟ್ಟೆವು.

ಟಕ್.

ಅಷ್ಟು ಹೊತ್ತೂ ಶೆಡ್ಡಿನ ಬೆಂಚಿನ ಮೇಲೆ ಮೂಗಿಗೆ ಕರ್ಚೀಫ್ ಹಿಡಿದು ಕೂತಿದ್ದ ನಮ್ಮವರು ಒಳಹತ್ತಿ ಗ್ಲಾಸ್ ಏರಿಸಿದರು. ಸ್ವಲ್ಪ ಹೊತ್ತಿಗೆ ಅವರ ಭುಜಗಳು ಸಡಿಲವಾದವು. ಕುಶಾಲಪ್ಪನದು ಅದೆಂಥ ಕಿವಿ, ದೇವರೇ!

ಆ ಕಿವಿಯೇ ವರ್ಷದಿಂದ ವರ್ಷಕ್ಕೆ ಮಂದವಾಯಿತು. ಅವನನ್ನು ಕೊನೆಯ ಸಲ ನೋಡಿದ್ದು ಹೋದ ಮಾರ್ಚಿನಲ್ಲಿ, ಮತ್ತೆ ಮೈಸೂರಿಗೆ ಹೊರಟಾಗ. ಎಸಿ ಹಾಕಲು ಸನ್ನೆ ಮಾಡಿ, ಬಾನೆಟ್ ಮೇಲೆ ಅಂಗೈ ಇಟ್ಟು ನನ್ನ ತುಟಿಯನ್ನೇ ನೋಡಿದ.

“ಟಕ್” ಅಂದೆ.

ತಲೆಯಾಡಿಸಿದ. ಬಗ್ಗಿ, ಗ್ಲಾಸಿನಾಚೆ ನಮ್ಮವರ ಎದೆ ನಿಧಾನವಾಗಿ ಏರಿಳಿಯುವುದನ್ನು ನೋಡಿದ. ಆಮೇಲೆ, ಕಿವಿ ಕೇಳದವರ ಗಟ್ಟಿದನಿಯಲ್ಲಿ, ಇಡೀ ರಸ್ತೆಗೆ ಕೇಳುವಂತೆ ಕೂಗಿದ:

“ಹೋಗಿ ಬನ್ನಿ ಅಮ್ಮ! ತೊಟ್ಟೆ ಮಾತ್ರ ಡಿಕ್ಕಿಯಲ್ಲಿಡಿ!”