ರೈಲಿಲ್ಲದ ಗೇಟು

ಜರ್ಮನಿಯ ಐಫೆಲ್ ಕಾಡುಗುಡ್ಡಗಳಲ್ಲಿ, ಹೊಳೆಯ ಗುಂಟ ಓಡುತ್ತಿದ್ದ ರೈಲು ನಿಂತುಹೋಯಿತು. ಹಳಿ ಕಿತ್ತು ಸೈಕಲ್ ದಾರಿ ಮಾಡಿದರು. ಗೇಟ್ ಕಾಯುತ್ತಿದ್ದ ಆಲ್ವಿನ್ ಮಾತ್ರ ತನ್ನ ಗೇಟು ಬಿಡಲಿಲ್ಲ. ಅದನ್ನು ಸೈಕಲ್ ದಾರಿಗೆ ಅಡ್ಡ ನೆಟ್ಟು, ಮಧ್ಯಾಹ್ನದ ರೈಲಿನ ಹೊತ್ತಿಗೆ ದಿನವೂ ಇಳಿಸುತ್ತಿದ್ದ. ಅವನು ಸತ್ತ ಮೇಲೆ ಹೆಂಡತಿ ಗಿಸೆಲಾ ಇಳಿಸಿದಳು. ಗೇಟಿನ ಹಿಡಿಯಲ್ಲಿ ಅವನ ಕೈ ಸವೆಸಿದ ಗುರುತಿತ್ತು. ಅವಳಿಗೆ ಉಳಿದದ್ದು ಅಷ್ಟೇ.

ಆ ಗೇಟನ್ನು ಕೀಳಿಸಲು ಪುರಸಭೆಯ ರೋಲ್ಫ್ ಸೈಕಲ್ಲಿನಲ್ಲಿ ಬಂದ. ಗೇಟ್ ಹಾಕಿತ್ತು. ಪಕ್ಕದಲ್ಲಿ ಬರೀ ಹುಲ್ಲು, ಯಾರು ಬೇಕಾದರೂ ದಾಟಬಹುದಿತ್ತು. ಆದರೂ ಸವಾರರೆಲ್ಲ ಸಾಲಾಗಿ ನಿಂತಿದ್ದರು. ರೋಲ್ಫ್ ಮುಂದೆ ನುಗ್ಗಿದ.

“ಏನ್ರೀ, ಗೇಟ್ ಹಾಕಿರೋದು ಕಾಣಲ್ವಾ? ಸಾಲಲ್ಲಿ ನಿಲ್ರಿ!” ಎಂದು ಮುದುಕನೊಬ್ಬ ಗದರಿದ.

ರೋಲ್ಫ್ ನಾಚಿ ಹಿಂದೆ ಹೋಗಿ ನಿಂತ. “ಅಮ್ಮಾ, ರೈಲು ಇವತ್ತು ತಡಾನಾ?” ಎಂದು ಕೂಗಿದ.

“ಸೋಮವಾರ ಯಾವತ್ತೂ ತಡಾನೇ ಅಲ್ವೇನಪ್ಪಾ!” ಎಂದಳು ಗಿಸೆಲಾ.

ಆಮೇಲೆ ಗೇಟ್ ಎತ್ತಿದಳು. ರೋಲ್ಫ್ ಎಲ್ಲರಂತೆ ಕೈಬೀಸಿ ಹೊರಟುಹೋದ. ತಿರುವಿನಲ್ಲಿ, ಬಂದ ಕೆಲಸ ನೆನಪಾಗಿ ಹಿಂದಿರುಗಿದ. ಅಷ್ಟರಲ್ಲಿ ಗಿಸೆಲಾ ವಾಪಸ್ ಬರುವ ರೈಲಿಗೆಂದು ಗೇಟ್ ಇಳಿಸಿದ್ದಳು.

ಅವನು ಸೈಕಲ್ಲಿನಿಂದ ಇಳಿದು ನಿಂತ.