ಹಬ್ಬಕ್ಕೆ ಗುಡಿಸಿದ ಕೆರೆ

ಚಿತ್ರ ಬರೆಯುವ ತಂತ್ರಾಂಶದಲ್ಲಿ ಪ್ರಿಫರೆನ್ಸಸ್ ಎಂಬ ಕಿಟಕಿಯೊಂದಿರುತ್ತದೆ. ಪೆನ್ನನ್ನು ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪವಾಗಬೇಕು, ಬರೆದದ್ದನ್ನು ಅಳಿಸುತ್ತ ಎಷ್ಟು ಹಿಂದಕ್ಕೆ ಹೋಗಬಹುದು, ಚಿತ್ರದ ಬ್ಯಾಕಪ್ ನಕಲನ್ನು ಎಷ್ಟು ಹೊತ್ತಿಗೊಮ್ಮೆ ತೆಗೆದು ಎಲ್ಲಿಡಬೇಕು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿತು ಪದವಿ ಪಡೆದ ನನಗೆ ಈ ಕಿಟಕಿಯನ್ನು ಯಾರೂ ತೋರಿಸಿರಲಿಲ್ಲ. ಬಸವೇಶ್ವರನಗರದ ಆಫೀಸಿಗೆ ಸೇರಿದ ಮೊದಲ ವಾರ ಅದನ್ನು ತೆರೆದು ತೋರಿಸಿದವರು ನನ್ನ ಪಕ್ಕದ ಮೇಜಿನ ಅಕ್ಕ.

"ಇನ್ನೊಬ್ರ ಚಪ್ಪಲಿ ಹಾಕ್ಕೊಂಡು ದಿನಾ ನಡೆಯಕ್ಕಾಗುತ್ತೇನೇ? ಇದೂ ಅಷ್ಟೇ. ಮೊದ್ಲು ನಿನ್ನ ಕೈ ಎಷ್ಟು ಭಾರ ಅಂತ ಇದಕ್ಕೆ ಹೇಳ್ಕೊಡು, ಆಮೇಲೆ ಚಿತ್ರ ಬರಿ" ಎಂದಿದ್ದರು.

ಅವರ ಕೈ ಹಗುರ. ಬಹುಕಾಲ ಇದೇ ಕೆಲಸ ಮಾಡಿ ಮಣಿಕಟ್ಟು ನೋಯುತ್ತಿದ್ದುದರಿಂದ, ಪೆನ್ನು ಸೋಕಿದರೆ ಸಾಕು ಗೆರೆ ಮೂಡುವಂತೆ ಇಟ್ಟುಕೊಂಡಿದ್ದರು. ನನ್ನದು ಒರಟು ಕೈ. ನಾನು ಅವರ ಮಿಶಿನ್ನಿನಲ್ಲಿ ಕೂತರೆ ಮೀನು ತಿಮಿಂಗಿಲವಾಗುತ್ತಿತ್ತು.

ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ ನಮ್ಮದು. ಪ್ರಕಾಶಕರು ಕೊಡುವ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುವುದು ಕೆಲಸ. ಮಾಲೀಕರು, ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅವರ ಭಾವಮೈದುನ, ಅಕ್ಕ ಮತ್ತು ನಾನು. ಅಲ್ಲಿಯವರೆಗೆ ಬಂದ ಪುಸ್ತಕಗಳಲ್ಲೆಲ್ಲ ಚಿತ್ರ ಬರೆದವರ ಜಾಗದಲ್ಲಿ ಆಫೀಸಿನ ಹೆಸರು ಮಾತ್ರ ಇರುತ್ತಿತ್ತು. ಆ ವರ್ಷದ ಒಂದು ಪುಸ್ತಕಕ್ಕೆ ಪ್ರಕಾಶಕರು, ಇಡೀ ಪುಸ್ತಕವನ್ನು ಒಬ್ಬರೇ ಬರೆಯುವುದಾದರೆ ಆ ಕಲಾವಿದರ ಹೆಸರನ್ನೇ ಹಾಕುತ್ತೇವೆ ಎಂದರು. ಅಕ್ಕ ಬರೆಯುತ್ತಿದ್ದರು. ಕೆರೆಯೊಂದರ ಪುಸ್ತಕ ಅದು. ನಡುವಿನ ಜೋಡಿಪುಟದಲ್ಲಿ ಕೆರೆಯನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ಒಳಗು ತೋರಿಸಿದಂಥ ಚಿತ್ರ: ಮೇಲೆ ಕೊಕ್ಕರೆ, ಅದರ ಕೆಳಗೆ ಬಿಸಿಲು ಇಳಿದ ನೀರು, ಇನ್ನೂ ಕೆಳಗೆ ಕೆಸರಿನಲ್ಲಿ ಹೂತ ಏಡಿ. ಮೂಡಲಪಾಳ್ಯದ ಹಳೆಯ ಒಕ್ಕಲು ಮನೆತನ ಅವರದು. ಈಗ ಮನೆ ಸೈಟುಗಳಾಗಿರುವ ಅಲ್ಲಿನ ಕೆರೆಯ ಬಗ್ಗೆ ಅಜ್ಜಿಯಿಂದ ಕೇಳಿದ್ದನ್ನೆಲ್ಲ ಅಕ್ಕ ಆ ಪುಟಕ್ಕೆ ಇಳಿಸಿದ್ದರು.

ದಸರೆಗೆ ಸ್ವಲ್ಪ ಮೊದಲು ಮಿಶಿನ್ನುಗಳು ತೆವಳತೊಡಗಿದವು. ಒಂದು ಬೆಳಿಗ್ಗೆ ಅಕ್ಕ ಪೆನ್ನೆತ್ತಿ ಒಂದು ಗೆರೆ ಎಳೆದವರೇ ಸಿಡುಕಿದರು.

"ಯಾರ್ರೀ ನನ್ನ ಪೆನ್ನಿನ ಸೆಟ್ಟಿಂಗ್ ಮುಟ್ಟಿದ್ದು?"

"ನಾನೇ ಮೇಡಂ" ಎಂದರು ಭಾವಮೈದುನ. "ಎಲ್ಲಾ ಸಿಸ್ಟಮ್ಮೂ ಒಂದೇ ಥರ ಇರ್ಲಿ ಅಂತ ಒಂದ್ರ ಪ್ರಿಫರೆನ್ಸಸ್ ಎಲ್ಲಾದಕ್ಕೂ ಹಾಕ್ಬಿಟ್ಟೆ. ಸ್ಪೀಡ್ ನೋಡಿ ಈಗ, ಬೆಣ್ಣೆ ಥರ."

"ಬೆಣ್ಣೆ ನೀವೇ ತಿನ್ನಿ. ನನ್ನ ಕೈ ಹೋಯ್ತು."

ಅಕ್ಕ ಪೆನ್ನಿನ ಒತ್ತಡವನ್ನು ಮೊದಲಿನಂತೆ ಮಾಡಿಕೊಂಡು ಕಿಟಕಿ ಮುಚ್ಚಿದರು. ಬದಲಾದದ್ದು ಅದೊಂದೇ ಅಲ್ಲ ಎಂದು ಭಾವಮೈದುನ ಹೇಳಲಿಲ್ಲ. ಡಿಸ್ಕಿನಲ್ಲಿ ಜಾಗ ಉಳಿಯಲೆಂದು ಬ್ಯಾಕಪ್ ನಕಲುಗಳನ್ನು, ಕಂಪ್ಯೂಟರು ತನ್ನ ತಾತ್ಕಾಲಿಕ ಕಡತಗಳನ್ನು ಎಸೆಯುವ ಟೆಂಪ್ ಫೋಲ್ಡರಿಗೆ ಅವರು ತಿರುಗಿಸಿಬಿಟ್ಟಿದ್ದರು.

ಆಯುಧಪೂಜೆಯ ಹಿಂದಿನ ದಿನ ಅಕ್ಕ ಕೆರೆಯ ಚಿತ್ರ ಮುಗಿಸಿ ಸೇವ್ ಒತ್ತಿದ ಕ್ಷಣವೇ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಕರೆಂಟು ಬಂದ ಮೇಲೆ ಫೈಲು ತೆರೆಯಲಿಲ್ಲ. ನಾನು ಕುರ್ಚಿ ಬಿಟ್ಟು ಎದ್ದೆ. ಅಕ್ಕ ಮಾತ್ರ ಸಮಾಧಾನವಾಗಿದ್ದರು.

"ಬ್ಯಾಕಪ್ ಇರುತ್ತೆ ಕಣೇ, ಹುಡುಕಿದ್ರೆ ಆಯ್ತು."

ಅಷ್ಟರಲ್ಲಿ ಮಾಲೀಕರು ಹೂವಿನ ಚೀಲದೊಂದಿಗೆ ಒಳಬಂದರು. "ಎಲ್ಲಾ ಆಫ್ ಮಾಡ್ರಮ್ಮ, ಸಾಕು. ಕ್ಲೀನಿಂಗ್ ಆಗ್ಬೇಕು. ಪೂಜೆಗಿಟ್ಟ ಮೇಲೆ ಮುಟ್ಟೋ ಹಾಗಿಲ್ಲ."

"ಸಾರ್, ನನ್ನ ಫೈಲ್ ಕೆಟ್ಟಿದೆ. ಬ್ಯಾಕಪ್ ಇದೆ, ವಿಜಯದಶಮಿ ದಿನ ಬಂದು ತೆಗೀತೀನಿ" ಎಂದರು ಅಕ್ಕ.

ಭಾವಮೈದುನ ಒದ್ದೆ ಬಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ನಾವು ಹೊರಟ ಮೇಲೆ ಅವರು ಕೀಬೋರ್ಡುಗಳನ್ನು ಬೋರಲು ಹಾಕಿ ಕೊಡವಿದರು, ಪರದೆ ಒರೆಸಿದರು. ಹೊರಗಿನದು ಮುಗಿದ ಮೇಲೆ ಒಳಗಿನದಕ್ಕೂ ಕೈ ಹಾಕಿದರು. ಹಬ್ಬಕ್ಕೆ ಮನೆಯ ಮೂಲೆಮೂಲೆಯನ್ನು ಗುಡಿಸುವ ಉತ್ಸಾಹದಲ್ಲಿ ಪ್ರತಿ ಮಿಶಿನ್ನಿನ ಟೆಂಪ್ ಫೋಲ್ಡರನ್ನು ಖಾಲಿ ಮಾಡಿ, ರೀಸೈಕಲ್ ಬಿನ್ನನ್ನೂ ಬರಿದು ಮಾಡಿದರು. ಮರುದಿನ ಪರದೆಗಳಿಗೆ ಕುಂಕುಮ, ಪೆನ್ನುಗಳಿಗೆ ಚೆಂಡುಹೂವು, ಬಾಗಿಲಲ್ಲಿ ಒಡೆದ ಬೂದುಗುಂಬಳ. ಕಡ್ಲೆಪುರಿ ಪೊಟ್ಟಣ ಹಿಡಿದು ನಾವೂ ಕೈಮುಗಿದೆವು. ಕೆರೆ ಆಗಲೇ ಹೋಗಿತ್ತು.

ವಿಜಯದಶಮಿಯ ಬೆಳಿಗ್ಗೆ ಕೆಂಗೇರಿ ಉಪನಗರದಿಂದ ನಾನು ಬಂದು ತಲುಪುವಷ್ಟರಲ್ಲಿ ಬ್ಯಾಕಪ್ ಹುಡುಕಿ ಮುಗಿಸಿದ್ದ ಅಕ್ಕ ಪರದೆಯತ್ತ ನೋಡುತ್ತ ಕೂತಿದ್ದರು. ಪ್ರಕಾಶಕರ ಒಪ್ಪಿಗೆಗೆಂದು ಹಿಂದೆ ಕಳಿಸಿದ್ದ ಪೆನ್ಸಿಲ್ ಗೆರೆಯ ನಕಲು ಬಿಟ್ಟರೆ ಏನೂ ಉಳಿದಿರಲಿಲ್ಲ. ಮಾಲೀಕರು ಅವರ ಕುರ್ಚಿಯ ಹಿಂದೆ ನಿಂತು ಹೇಳುತ್ತಿದ್ದರು:

"ಇಷ್ಟು ವರ್ಷದ ಅನುಭವ, ಸರಿಯಾಗಿ ಸೇವ್ ಮಾಡ್ಕೊಳ್ಳೋಕೆ ಬರಲ್ವೇನಮ್ಮ? ಬರೋ ವಾರ ಪ್ರೆಸ್ಸಿಗೆ ಹೋಗ್ಬೇಕು. ನಿಮ್ಮ ಕೈ ಬೇರೆ ನೋವು." ಆಮೇಲೆ ನನ್ನತ್ತ ತಿರುಗಿದರು. "ಆ ಜೋಡಿಪುಟ ನೀನು ಮಾಡ್ಬಿಡು. ನಿಂಗೆ ಸ್ಪೀಡಿದೆ."

ಅದರ ಅರ್ಥ ಮೂವರಿಗೂ ಗೊತ್ತಿತ್ತು. ಪುಸ್ತಕ ಇಬ್ಬರ ಕೈಯದಾದರೆ ಯಾರ ಹೆಸರೂ ಬರುವುದಿಲ್ಲ, ಮತ್ತೆ ಆಫೀಸಿನ ಹೆಸರೇ. ಅಕ್ಕ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

ನಾನು ನನ್ನ ಮಿಶಿನ್ನಿನಲ್ಲಿ ಪ್ರಿಫರೆನ್ಸಸ್ ತೆರೆದು, ಬ್ಯಾಕಪ್ಪಿನ ಪುಟಕ್ಕೆ ಹೋದೆ. ಆಮೇಲೆ ಅಕ್ಕನ ಕುರ್ಚಿಯ ಪಕ್ಕಕ್ಕೆ ಬಗ್ಗಿ ಅವರದ್ದರಲ್ಲೂ ಅದೇ ಪುಟ ತೆರೆದೆ. ಎರಡರಲ್ಲೂ ನಕಲು ಹೋಗುವ ದಾರಿ ಒಂದೇ.

"ಸಾರ್, ಸ್ವಲ್ಪ ಇದನ್ನ ಓದಿ."

ಅವರು ಕನ್ನಡಕ ಏರಿಸಿದರು. "ಟೆಂಪ್ ಅಂತಿದೆ. ಅದ್ರಲ್ಲೇನು?"

"ಬ್ಯಾಕಪ್ ಅಲ್ಲಿಗೆ ಹೋಗ್ಲಿ ಅಂತ ನಾನೂ ಹಾಕಿಲ್ಲ, ಅಕ್ಕನೂ ಹಾಕಿಲ್ಲ. ಹಾಕಿದ್ಯಾರು ಅಂತ ಕೇಳಿ. ಆಮೇಲೆ ಪೂಜೆ ಹಿಂದಿನ ಸಂಜೆ ಅದನ್ನ ಖಾಲಿ ಮಾಡಿದ್ಯಾರು ಅಂತಾನೂ ಕೇಳಿ."

ಭಾವಮೈದುನ ಹೊಸ ಅಂಗಿಯಲ್ಲಿ ಯುಪಿಎಸ್ಸಿನ ಬಳಿ ನಿಂತಿದ್ದರು. "ಹಬ್ಬಕ್ಕೆ ಕಸ ತೆಗೀಬಾರ್ದಾ ಮೇಡಂ? ಟೆಂಪ್ ಅಂದ್ರೇನೇ ಕಸ. ಮನೇಲಿ ಧೂಳು ಹೊಡೀವಾಗ ಯಾರಾದ್ರೂ ಒಂದೊಂದೇ ಕಾಗದ ಓದ್ಕೊಂಡು ಕೂತ್ಕೋತಾರಾ?"

"ಕಸದ ಬುಟ್ಟೀಲಿ ಚಿತ್ರ ತಂದಿಟ್ಟಿದ್ದು ನೀವೇ, ಗುಡಿಸಿದ್ದೂ ನೀವೇ. ಬ್ಯಾಕಪ್ ಇದೆ ಅಂತ ಅಕ್ಕ ಹೇಳುವಾಗ ಬಟ್ಟೆ ಹಿಡ್ಕೊಂಡು ಕೇಳಿಸ್ಕೊಂಡಿದ್ದೂ ನೀವೇ."

"ನಾನೇನು ಬೇಕು ಅಂತ ಮಾಡಿದ್ನಾ?"

"ಬೇಕು ಅಂತ ಮಾಡಿದ್ರಿ ಅಂತ ಯಾರು ಹೇಳಿದ್ರು? ಮಾಡಿದ್ದು ನಾನು ಅಂತ ಹೇಳಿ, ಸಾಕು."

ಅವರು ಬಗ್ಗಿ ಯುಪಿಎಸ್ಸಿನ ವೈರು ಸರಿಮಾಡತೊಡಗಿದರು. ಮಾಲೀಕರು ನನ್ನನ್ನೂ ಹೆಂಡತಿಯ ತಮ್ಮನನ್ನೂ ಸರದಿಯಂತೆ ನೋಡಿ ದನಿ ತಗ್ಗಿಸಿದರು. "ಹಬ್ಬದ ದಿನ ಬೇಡಮ್ಮ ಜಗಳ. ಟೆಕ್ನಿಕಲ್ ಪ್ರಾಬ್ಲಂ ಅಂತ ಹೇಳಿ ಮುಗಿಸೋಣ. ನಾನು ಸಂಜೆ ಮನೆಗೆ ಬೇರೆ ಹೋಗ್ಬೇಕು."

ಟೆಕ್ನಿಕಲ್ ಪ್ರಾಬ್ಲಂ ಎಂಬ ಆ ಎರಡು ಪದ ಕೇಳಿ ನನಗೆ ಉರಿದುಹೋಯಿತು. ನಮ್ಮ ಬೀದಿ ಅಗೆದು ಹಾಗೇ ಬಿಟ್ಟುಹೋದಾಗ, ನೀರು ಬಾರದ ವಾರ, ಅಂಕಪಟ್ಟಿ ತಪ್ಪಾಗಿ ಬಂದ ವರ್ಷ, ಪ್ರತಿ ಕಚೇರಿಯ ಕಿಟಕಿಯ ಹಿಂದಿನಿಂದಲೂ ಕೇಳಿಬಂದದ್ದು ಇದೇ ಮಾತು. ಯಾರೂ ಮಾಡಿರುವುದಿಲ್ಲ, ಆಗಿರುತ್ತದೆ. ಆದರೆ ಪರಿಣಾಮ ಮಾತ್ರ ತಪ್ಪದೆ ಒಬ್ಬರ ಮನೆಯ ಬಾಗಿಲನ್ನೇ ತಟ್ಟುತ್ತದೆ, ಮತ್ತು ಆ ಒಬ್ಬರು ಸಾಮಾನ್ಯವಾಗಿ ಗಟ್ಟಿಯಾಗಿ ಮಾತಾಡದವರಾಗಿರುತ್ತಾರೆ. ಯಂತ್ರ ತಾನಾಗಿ ಏನನ್ನೂ ಆಯ್ದುಕೊಳ್ಳಲಾರದು. ಪ್ರಿಫರೆನ್ಸಸ್ ಕಿಟಕಿಯಲ್ಲಿನ ಪ್ರತಿ ಗುರುತನ್ನೂ ಯಾವುದೋ ಒಂದು ಬೆರಳು ಒತ್ತಿರುತ್ತದೆ. ಆ ಬೆರಳಿಗೊಂದು ಮುಖವಿದೆ ಎಂದು ಒಪ್ಪಿಕೊಳ್ಳಲಿ ಎಂಬುದಷ್ಟೇ ನನ್ನ ಬೇಡಿಕೆಯಾಗಿತ್ತು.

"ಜೋಡಿಪುಟ ನಾನು ಮಾಡಲ್ಲ ಸಾರ್."

"ಏನಂದೆ?"

"ಮಾಡಲ್ಲ. ಈಗ ಪ್ರಕಾಶಕರಿಗೆ ಫೋನ್ ಮಾಡಿ, ಅಕ್ಕನ ತಪ್ಪಲ್ಲ ಅಂತ ನಮ್ಮೆದುರಿಗೇ ಹೇಳಿ."

ಕೆಲಸ ಹೋಗಬಹುದೆಂದು ಗೊತ್ತಿತ್ತು. ಕೆಳಗಿನ ಅಂಗಡಿಯವರು ಯಾವುದೋ ಗಾಡಿಗೆ ಕಟ್ಟಿದ್ದ ಬಾಳೆಕಂದು ಕೀಳುತ್ತಾ ಜೋರಾಗಿ ನಗುತ್ತಿದ್ದರು. ಮಾಲೀಕರು ಕುಂಕುಮವಿಟ್ಟ ಪರದೆಯನ್ನು ನೋಡಿದರು. ಚಿತ್ರ ಬರೆಯಬಲ್ಲವರು ಆ ಕೋಣೆಯಲ್ಲಿ ಇಬ್ಬರೇ ಇದ್ದರು. ಕೊನೆಗೆ ಫೋನು ತೆಗೆದರು.

"ನಮಸ್ಕಾರ ಸಾರ್, ಹಬ್ಬದ ಶುಭಾಶಯ... ಒಂದು ವಿಷಯ. ಕೆರೆ ಪುಟ ಡಿಲೀಟ್ ಆಗಿದೆ." ನಾನು ಕಣ್ಣು ಕದಲಿಸಲಿಲ್ಲ. ಅವರು ಬೆನ್ನು ತಿರುಗಿಸಿ ಮುಂದುವರಿಸಿದರು. "ಅಂದ್ರೆ, ನಾವೇ ಡಿಲೀಟ್ ಮಾಡ್ಬಿಟ್ವಿ. ಇಲ್ಲ ಇಲ್ಲ, ಕಲಾವಿದರಲ್ಲ, ನಮ್ಮ ಸಿಸ್ಟಂ ನೋಡ್ಕೊಳ್ಳೋ ಹುಡುಗ. ಕಲಾವಿದರೇ ಮತ್ತೆ ಬರೀತಾರೆ. ಇನ್ನೊಂದು ವಾರ ಬೇಕಾಗುತ್ತೆ... ಹೆಸರು? ಹೂಂ, ಅದೇ ಹೆಸರು. ಏನೂ ಬದಲಾವಣೆ ಇಲ್ಲ."

ಅವರು ಫೋನಿಟ್ಟ ಮೇಲೆ ನಾನು ಭಾವಮೈದುನರತ್ತ ತಿರುಗಿದೆ. "ಈಗಲಾದ್ರೂ ಹೇಳಿ."

"ಬಿಡೇ" ಎಂದರು ಅಕ್ಕ, ಬೆಳಗಿನಿಂದ ಮೊದಲ ಬಾರಿಗೆ. ಎದ್ದು ತಮ್ಮ ಕುರ್ಚಿಯನ್ನು ಹಿಂದಕ್ಕೆಳೆದರು. "ಬನ್ನಿ ಇಲ್ಲಿ. ಕೂತ್ಕೊಳ್ಳಿ."

ಭಾವಮೈದುನ ಅನುಮಾನಿಸುತ್ತ ಬಂದು ಕೂತರು.

"ಪ್ರಿಫರೆನ್ಸಸ್ ತೆಗೀರಿ. ಈಗ ಬ್ಯಾಕಪ್ ಎಲ್ಲಿ ಹೋಗ್ತಿದೆ? ಜೋರಾಗಿ ಓದಿ, ನಾನು ಕನ್ನಡಕ ಹಾಕ್ಕೊಂಡಿಲ್ಲ."

"ಟೆಂಪ್."

"ಯಾರು ಹಾಕಿದ್ದು?"

ಮೌಸು ಹಿಡಿದ ಕೈ ನಿಂತಿತು. ಅಕ್ಕ ಕಾದರು. ಅವರ ಕಾಯುವಿಕೆಯಲ್ಲಿ ಸಿಟ್ಟಿರಲಿಲ್ಲ. ಆದ್ದರಿಂದಲೇ ತಪ್ಪಿಸಿಕೊಳ್ಳಲು ದಾರಿಯೂ ಇರಲಿಲ್ಲ.

"ನಾನೇ ಮೇಡಂ."

"ತೆಗೀರಿ. ನನ್ನ ಪುಸ್ತಕದ ಫೋಲ್ಡರ್‌ಗೆ ಹಾಕಿ. ನಕಲು ತೆಗೆಯೋ ನಿಮಿಷ ಕಡಿಮೆ ಮಾಡಿ... ಇನ್ನೂ ಕಡಿಮೆ. ಸ್ಲೋ ಆದ್ರೆ ಆಗ್ಲಿ. ಈಗ ಓಕೆ ಒತ್ತಿ."

ಒತ್ತಿದರು. ಕಿವಿ ಕೆಂಪಾಗಿತ್ತು. ಗೆದ್ದೆನೆಂಬ ಭಾವನೆಯೊಂದು ಬರಲಿದೆಯೆಂದು ನಾನು ಕಾದೆ, ಅದು ಬರಲಿಲ್ಲ. ಪೆನ್ಸಿಲ್ ಗೆರೆಗಳಷ್ಟೇ ಉಳಿದ ಆ ಕೆರೆಯಲ್ಲಿ ಕೆಸರೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಎಲ್ಲವನ್ನೂ ನೋಯುವ ಕೈಯೇ ಮತ್ತೆ ತುಂಬಬೇಕಿತ್ತು.

"ಆಯ್ತಲ್ಲ, ಏಳಿ" ಎಂದರು ಅಕ್ಕ. "ನಂಗೆ ಕುರ್ಚಿ ಬೇಕು."